ಸಾಕುಹಾವುಗಳ ವೈರಾಣು ರೋಗಗಳು ಮತ್ತು ಚಿಕಿತ್ಸೆಯ ಮಿತಿಗಳು

ಬೋವಾ, ಬಾಲ್ ಪೈಥಾನ್ ಮೊದಲಾದ ವಿಷರಹಿತ ವಿದೇಶಿ ಹಾವುಗಳನ್ನು ಮನೆಯಲ್ಲಿ ಸಾಕುವ ಹವ್ಯಾಸ ಅಮೆರಿಕ, ಯುರೋಪುಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಭಾರತದ ಮಹಾನಗರಗಳಲ್ಲಿಯೂ ಇಂಥ ಹವ್ಯಾಸಿಗಳಿದ್ದಾರೆ. ಈ ಹಾವುಗಳನ್ನು ಕಾಡುವ ವೈರಾಣು ರೋಗಗಳನ್ನೂ, ಅವುಗಳ ಮುಂದೆ ವೈದ್ಯಶಾಸ್ತ್ರಕ್ಕಿರುವ ಮಿತಿಗಳನ್ನೂ ಇಲ್ಲಿ ಸಂಕ್ಷೇಪವಾಗಿ ಪರಿಚಯಿಸುತ್ತಿದ್ದೇವೆ.

ಇವುಗಳಲ್ಲಿ ಪ್ರಮುಖವಾದುದು ಇನ್‌ಕ್ಲೂಷನ್ ಬಾಡಿ ರೋಗ. 1970ರ ದಶಕದಿಂದಲೇ ಗುರುತಿಸಲ್ಪಟ್ಟಿದ್ದ ಈ ರೋಗದಲ್ಲಿ ಹಾವಿನ ಜೀವಕೋಶಗಳೊಳಗೆ ಪ್ರೋಟೀನಿನ ಗಂಟುಗಳು ಶೇಖರವಾಗುತ್ತವೆ. ಬೋವಾ ತಿಂದ ಆಹಾರವನ್ನು ಹೊರಹಾಕಿ ಕೃಶವಾಗುತ್ತದೆ. ಹೆಬ್ಬಾವುಗಳಲ್ಲಿ ನರಮಂಡಲ ಬೇಗನೆ ಕೆಡುತ್ತದೆ. ತಲೆಯನ್ನು ಮೇಲಕ್ಕೆತ್ತಿ ಶೂನ್ಯವನ್ನು ದಿಟ್ಟಿಸುವುದು, ಮಗುಚಿದರೆ ನೇರವಾಗಲಾರದಿರುವುದು ಅದರ ಲಕ್ಷಣಗಳು. ಕಾರಣ ಮಾತ್ರ ದಶಕಗಳ ಕಾಲ ನಿಗೂಢವಾಗಿಯೇ ಉಳಿದಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಸೆಫ್ ಡಿರೈಸಿ, ಮಾರ್ಕ್ ಸ್ಟೆಂಗ್ಲೈನ್ ಮತ್ತು ಸಂಗಡಿಗರು 2012ರಲ್ಲಿ ರೋಗಗ್ರಸ್ತ ಹಾವುಗಳಲ್ಲಿ ಅರೀನಾವೈರಸ್ ಇರುವುದನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಈ ಕುಲದ ವೈರಾಣುಗಳು ಸಸ್ತನಿಗಳಲ್ಲಿ ಮಾತ್ರ ತಿಳಿದಿದ್ದವು.

ಬಾಲ್ ಪೈಥಾನ್‌ಗಳಲ್ಲಿ ಬಾಯಿಯ ಲೋಳೆ, ಉಸಿರಾಟದ ತೊಂದರೆ, ನ್ಯುಮೋನಿಯಾಗಳನ್ನು ಉಂಟುಮಾಡುವ ನಿಡೋವೈರಸ್ 2014ರಲ್ಲಿ ಪತ್ತೆಯಾಯಿತು. ಶ್ವಾಸಕೋಶಗಳನ್ನೇ ಆಕ್ರಮಿಸುವ ಪ್ಯಾರಾಮಿಕ್ಸೊವೈರಸ್ 1972ರಲ್ಲಿ ಸ್ವಿಟ್ಜರ್ಲೆಂಡಿನ ಸರ್ಪಾಲಯವೊಂದರಲ್ಲಿ ಹಾವುಗಳ ಸಾವಿಗೆ ಕಾರಣವಾಗಿತ್ತು.

ಈ ಯಾವ ರೋಗಕ್ಕೂ ಲಸಿಕೆಯಾಗಲಿ, ವೈರಾಣುವನ್ನು ನಿರ್ಮೂಲಗೊಳಿಸುವ ಔಷಧವಾಗಲಿ ಇಲ್ಲ. ಯೋಗ್ಯವಾದ ಉಷ್ಣತೆ, ದ್ರವಾಹಾರಗಳಿಂದ ಹಾವಿಗೆ ಬಲ ತುಂಬಬಹುದು. ಆಂಟಿಬಯಾಟಿಕ್ ಔಷಧಗಳು ಬೆನ್ನಿಗೇ ಬರುವ ಬ್ಯಾಕ್ಟೀರಿಯಾ ಸೋಂಕನ್ನು ತಡೆಯುತ್ತವೆಯೇ ಹೊರತು ಮೂಲರೋಗವನ್ನಲ್ಲ. ಸೋಂಕು ತಗಲಿದ ಬೋವಾ ವರ್ಷಗಟ್ಟಲೆ ಆರೋಗ್ಯವಾಗಿ ಕಾಣಿಸಬಹುದು. ತಾಯಿಯಿಂದ ಮರಿಗಳಿಗೂ ವೈರಾಣು ದಾಟಬಹುದು. ಆದುದರಿಂದ ಸೋಂಕಿತ ಹಾವನ್ನು ಜೀವಮಾನವಿಡೀ ಪ್ರತ್ಯೇಕವಾಗಿಡುವುದೋ, ನರಳುತ್ತಿದ್ದರೆ ವೈದ್ಯರ ಮೂಲಕ ನೋವಿಲ್ಲದ ಸಾವನ್ನು ಕರುಣಿಸುವುದೋ ಎಂಬ ಕಠಿಣ ಪ್ರಶ್ನೆ ಸಾಕಿದವರ ಮುಂದೆ ನಿಲ್ಲುತ್ತದೆ. ಪ್ರೀತಿಯಿಂದ ಸಾಕಿದ ಒಂದು ಜೀವದ ಜೊತೆಗೆ ಉಳಿದ ಹಾವುಗಳ ಕ್ಷೇಮವನ್ನೂ ತೂಗಿ ನೋಡಲೇಬೇಕಾಗುತ್ತದೆ.

ಮುನ್ನೆಚ್ಚರಿಕೆಯೇ ಇಲ್ಲಿ ಮುಖ್ಯ ಮದ್ದು. ಹೊಸ ಹಾವನ್ನು ಕನಿಷ್ಠ ಮೂರು ತಿಂಗಳು ಬೇರೆ ಕೋಣೆಯಲ್ಲಿರಿಸಿ, ನೀರಿನ ಪಾತ್ರೆ, ಇಕ್ಕಳಗಳನ್ನೂ ಪ್ರತ್ಯೇಕವಾಗಿಡಬೇಕು. ರಕ್ತ ಹೀರುವ ನುಸಿಗಳು ರೋಗ ಹರಡುವ ಶಂಕೆ ಇರುವುದರಿಂದ ಅವುಗಳನ್ನು ನಿವಾರಿಸಬೇಕು. ಹಾವುಗಳು ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಹೊತ್ತಿರಬಹುದಾದ ಕಾರಣ, ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯುವುದು ಅವಶ್ಯ.

ನಮ್ಮ ನೆಲದ ನಾಗರಹಾವು, ಹೆಬ್ಬಾವುಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಬೋವಾ, ಬಾಲ್ ಪೈಥಾನ್‌ಗಳಂಥ ವಿದೇಶಿ ಹಾವುಗಳನ್ನು 2024ರ ನಿಯಮಗಳ ಪ್ರಕಾರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ರೋಗ ಬಂದಿತೆಂದು ಸಾಕುಹಾವನ್ನು ಕಾಡಿಗೋ ಕೆರೆಯಂಗಳಕ್ಕೋ ಬಿಡುವುದು ದಯೆಯಲ್ಲ. ಮದ್ದಿಲ್ಲದ ಸೋಂಕನ್ನು ನಮ್ಮ ನೆಲದ ಹಾವುಗಳ ನಡುವೆ ಬಿಟ್ಟಂತಾದೀತು ಎಂಬುದನ್ನು ಓದುಗರು ಗಮನದಲ್ಲಿರಿಸಬೇಕೆಂದು ಕೋರುತ್ತೇವೆ.