ನಿವೃತ್ತಿಯ ಗೆರೆ, ಸಮಾಧಿಯ ಕಲ್ಲು

1917ರಲ್ಲಿ ಹುಟ್ಟಿದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿ ಆಯೋಗ ಜನರಲ್‌ಗೂ ಸಾಮಾನ್ಯ ಸೈನಿಕನಿಗೂ ಒಂದೇ ಅಳತೆಯ ಕಲ್ಲು ಎಂಬ ತತ್ತ್ವವನ್ನು ಒಪ್ಪಿಕೊಂಡಿತು. ಶವವನ್ನು ತಾಯ್ನಾಡಿಗೆ ತರಲು ಸಿರಿವಂತರಿಗೂ ಅವಕಾಶ ಸಿಗಲಿಲ್ಲ. ಆ ಕಾಲಕ್ಕೆ ಇದು ದಿಟ್ಟ ನಿಲುವೇ ಸರಿ. ಆದರೆ ಹುದ್ದೆಯ ಭೇದ ಅಳಿಸಿದ ನಿಯಮ ಸೇವೆಯಲ್ಲಿದ್ದವನು, ಸೇವೆ ಬಿಟ್ಟವನು ಎಂಬ ಭೇದವನ್ನು ಉಳಿಸಿಕೊಂಡಿತು. ಮೊದಲ ಮಹಾಯುದ್ಧದ ಲೆಕ್ಕಕ್ಕೆ 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31ರೊಳಗೆ ಸೇವೆಯಲ್ಲಿದ್ದು ಸತ್ತವನು ಜ್ವರದಿಂದ ಸತ್ತರೂ ಆ ಕಲ್ಲಿಗೆ ಅರ್ಹ. ಬಿಡುಗಡೆಯಾಗಿ ಮನೆಗೆ ಮರಳಿದವನ ಸಾವಿಗೆ ಮಾತ್ರ ಸೇವೆಯೇ ಕಾರಣವೆಂದು ತೋರಿಸಬೇಕು. ನಿವೃತ್ತ ಕರ್ನಲ್‌ನ ಪದವಿಯೂ ಇಲ್ಲಿ ನೆರವಿಗೆ ಬಾರದು.

ಎಲ್ಲಾದರೂ ಗೆರೆ ಎಳೆಯಲೇಬೇಕಲ್ಲ ಎನ್ನಬಹುದು. ಒಪ್ಪುತ್ತೇನೆ, ಗೆರೆಯಿಲ್ಲದೆ ಪಟ್ಟಿ ಮುಗಿಯದು. ಆದರೆ ವಿಷಾನಿಲ ಕುಡಿದ ಶ್ವಾಸಕೋಶ ತಾರೀಖು ನೋಡಿ ಕೆಡುವುದಿಲ್ಲ. ದಾಖಲೆ ಕಳೆದುಕೊಂಡ ಬಡ ಕುಟುಂಬ ಸಾವಿನ ಕಾರಣವನ್ನು ರುಜುವಾತುಪಡಿಸುವುದು ಹೇಗೆ? ಹೊರೆಯೆಲ್ಲ ದುರ್ಬಲರ ಮೇಲೇ ಬಿತ್ತು. ಸಮಾನತೆಯ ಮಾತಾದರೂ ಎಲ್ಲೆಡೆ ನಡೆಯಿತೇ? ಇರಾಕಿನ ಬಸ್ರಾ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರು ಕೆತ್ತಿದರು. ಸಿಪಾಯಿಗಳನ್ನು ರೆಜಿಮೆಂಟಿನಡಿ ಬರಿಯ ಸಂಖ್ಯೆಯಾಗಿಸಿದರು. ಅವರು ಸೇವೆಯಲ್ಲಿದ್ದೇ ಸತ್ತವರು, ನಿಯಮದ ಪ್ರಕಾರ ಪೂರ್ಣ ಅರ್ಹರು. ಅರ್ಹತೆ ಕಾಗದದಲ್ಲಿ ಉಳಿಯಿತು, ಹೆಸರು ಕಲ್ಲಿಗೆ ಬರಲಿಲ್ಲ. ಇಂಥ ತಾರತಮ್ಯಕ್ಕಾಗಿ ಆಯೋಗ ಕ್ಷಮೆ ಕೇಳಿದ್ದು 2021ರಲ್ಲಿ.