ಯಾದಗಿರಿಗೆ ಆರೆಂಜ್ ಅಲರ್ಟ್ ಅಂದ್ರೆ ಸುರಪುರಕ್ಕೆ ಏನು?

"ಆರೆಂಜ್ ಅಲರ್ಟ್ ಅಂದಿದ್ರಲ್ರೀ, ಒಂದು ಹನೀನೂ ಬೀಳಲಿಲ್ಲ!" ಮಳೆಗಾಲದಲ್ಲಿ ನಮ್ಮ ಸುರಪುರದ ಚಹಾದಂಗಡಿಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹವಾಮಾನ ಇಲಾಖೆಯನ್ನು ಬೈಯುವುದು ಸುಲಭ. ಆದರೆ ಆ ಬಣ್ಣವನ್ನು ಯಾರು, ಯಾವ ಲೆಕ್ಕದ ಮೇಲೆ ಹಚ್ಚುತ್ತಾರೆ ಅನ್ನೋದು ಗೊತ್ತಾದರೆ ಬೈಗುಳ ಎಲ್ಲಿಗೆ ಹೋಗಬೇಕು ಅನ್ನೋದೂ ಗೊತ್ತಾಗುತ್ತದೆ.

ಭಾರತೀಯ ಹವಾಮಾನ ಇಲಾಖೆಯ ಅಳತೆಗೋಲು ಸ್ಪಷ್ಟವಾಗಿದೆ. ಬೆಳಿಗ್ಗೆ 8.30ಕ್ಕೆ ಕೊನೆಯಾಗುವ 24 ಗಂಟೆಗಳಲ್ಲಿ 64.5 ಮಿ.ಮೀ.ನಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ, 204.4ರವರೆಗೆ ಅತಿ ಭಾರಿ. ಅದಕ್ಕೂ ಮೇಲೆ ಬಿದ್ದರೆ ಅತ್ಯಂತ ಭಾರಿ. ಆದರೆ ಬಣ್ಣ ನಿರ್ಧಾರವಾಗುವುದು ಮಿಲಿಮೀಟರ್ ಒಂದರಿಂದಲೇ ಅಲ್ಲ. ಎಷ್ಟು ಹಾನಿಯಾಗಬಹುದು, ಅದು ಆಗುವ ಸಾಧ್ಯತೆ ಎಷ್ಟು ಎಂಬ ಎರಡನ್ನೂ ಕೂಡಿಸಿ ನೋಡುತ್ತಾರೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಕಿತ್ತಳೆ ಎಂದ ಮಾತ್ರಕ್ಕೆ ಮಳೆ ಬಂದೇ ಬರುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಇನ್ನು 'ಒಂದೆರಡು ಕಡೆ' ಎಂಬ ಮಾತು. ಇದನ್ನು ಓದಿ ನಗುವವರೇ ಹೆಚ್ಚು. ಅದಕ್ಕೂ ಅರ್ಥವಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಶೇ 25ಕ್ಕಿಂತ ಹೆಚ್ಚು ಕಡೆ ಅದು ಆಗುವುದಿಲ್ಲ. ಯಾದಗಿರಿ ಜಿಲ್ಲೆಯ ವಿಸ್ತೀರ್ಣ ಸುಮಾರು 5,200 ಚದರ ಕಿ.ಮೀ. ಅಡ್ಡಮಳೆಯ ಒಂದು ಗುಡುಗುಮೋಡದ ಅಗಲ ಹತ್ತೋ ಹದಿನೈದೋ ಕಿ.ಮೀ. ಗುರುಮಠಕಲ್‌ನಲ್ಲಿ ಸುರಿದು ಸುರಪುರ ಒಣಗಿದ್ದರೆ ಇಲಾಖೆಯ ಲೆಕ್ಕದಲ್ಲಿ ಮುನ್ಸೂಚನೆ ಸರಿ, ನಮ್ಮ ಲೆಕ್ಕದಲ್ಲಿ ಸುಳ್ಳು.

ರೇಡಾರ್ ಇಲ್ಲವೇ ಎಂದು ಕೇಳಬಹುದು. ಹೈದರಾಬಾದ್‌ನಲ್ಲಿದೆ. ಅಲ್ಲಿಂದ ಸುರಪುರಕ್ಕೆ ನೇರ ಗೆರೆಯಲ್ಲಿ ಸುಮಾರು 200 ಕಿ.ಮೀ. ಭೂಮಿ ದುಂಡಗಿರುವುದರಿಂದ, ಅರ್ಧ ಡಿಗ್ರಿ ಮೇಲ್ಮುಖವಾಗಿ ಹೊರಟ ರೇಡಾರ್ ಕಿರಣ ನಮ್ಮ ಊರಿನ ಮೇಲೆ ಹಾಯುವಾಗ ನಾಲ್ಕು ಕಿ.ಮೀ.ಗೂ ಹೆಚ್ಚು ಎತ್ತರದಲ್ಲಿರುತ್ತದೆ. ಮೋಡದ ತಲೆ ಕಾಣುತ್ತದೆ, ಕಾಲು ಕಾಣುವುದಿಲ್ಲ. ನೆಲಕ್ಕೆ ಬೀಳುತ್ತಿರುವುದೇನು ಎಂಬುದನ್ನು ಮುನ್ಸೂಚಕ ಅಂದಾಜು ಮಾಡಬೇಕು, ಅದೂ ಮುಂದಿನ ಮೂರು ಗಂಟೆಯ ಎಚ್ಚರಿಕೆ ಬರೆಯುವ ಅವಸರದಲ್ಲಿ.

ಹಾಗಾದರೆ ಖಚಿತವಾದಾಗ ಮಾತ್ರ ಎಚ್ಚರಿಸಲಿ ಎನ್ನುವವರಿಗೆ 1884ರ ಅಮೆರಿಕದ ಕತೆ ಹೇಳಬೇಕು. ಜಾನ್ ಫಿನ್ಲೆ ಎಂಬಾತ ಸುಂಟರಗಾಳಿ ಬರುತ್ತದೆ, ಬರುವುದಿಲ್ಲ ಎಂದು 2,803 ಮುನ್ಸೂಚನೆ ಕೊಟ್ಟ. ಶೇ 96.6ರಷ್ಟು ಸರಿ ಬಂದವು. ಆಗ ಇನ್ನೊಬ್ಬ ವಿಜ್ಞಾನಿ ಗಿಲ್ಬರ್ಟ್ ಲೆಕ್ಕ ತೆಗೆದು ತೋರಿಸಿದ: ಪ್ರತಿ ಸಲವೂ 'ಬರುವುದಿಲ್ಲ' ಎಂದಷ್ಟೇ ಹೇಳಿದ್ದರೆ ಶೇ 98.2ರಷ್ಟು ಸರಿಯಾಗುತ್ತಿತ್ತು! ಬಾಯಿ ಮುಚ್ಚಿಕೊಂಡು ಕೂತವನಿಗೇ ಹೆಚ್ಚು ಅಂಕ. ಜನ ಸಾಯುವುದು ಮಾತ್ರ ಉಳಿದ ಆ ಶೇ 1.8ರಲ್ಲಿ. ಅದಕ್ಕೇ ಈಗ ಎಷ್ಟು ಅನಾಹುತಗಳನ್ನು ಹಿಡಿದಿರಿ, ಎಷ್ಟು ತಪ್ಪಿಸಿಕೊಂಡವು, ಎಷ್ಟು ಸಲ ಸುಮ್ಮನೆ ಕೂಗಿದಿರಿ ಎಂಬುದನ್ನು ಬೇರೆಬೇರೆಯಾಗಿ ಎಣಿಸುತ್ತಾರೆ.

ಸುಮ್ಮನೆ ಕೂಗಿದ್ದಕ್ಕೂ ಬೆಲೆ ಇದೆ ಅನ್ನಿ. ಕಣದಲ್ಲಿ ಮೆಣಸಿನಕಾಯಿ ಒಣಹಾಕಿದ ರೈತನನ್ನು ತೆಗೆದುಕೊಳ್ಳಿ. ತಾಡಪಾಲು, ಆಳು ಸೇರಿ ಮುಚ್ಚುವ ಖರ್ಚು 2,000 ರೂಪಾಯಿ, ನೆನೆದರೆ ನಷ್ಟ 20,000 ಎಂದಿಟ್ಟುಕೊಳ್ಳೋಣ. ಮಳೆಯ ಸಾಧ್ಯತೆ ಶೇ 10 ದಾಟಿದರೆ ಮುಚ್ಚುವುದೇ ಲಾಭ. ಹತ್ತರಲ್ಲಿ ಎಂಟು ಸಲ ಮಳೆ ಬರದಿದ್ದರೂ ಆತ ಗೆದ್ದಂತೆ. ಈಗ ಅದೇ ಮೋಡದ ಕೆಳಗೆ ಕುರಿ ಕಾಯುವ ಹುಡುಗನನ್ನು ನೋಡಿ. ಅವನ ಖರ್ಚು ಅರ್ಧ ದಿನದ ಮೇವು, ನಷ್ಟ ಜೀವ. ಅವನಿಗೆ ಶೇ 1ಕ್ಕೇ ಎಚ್ಚರಿಕೆ ಬೇಕು. ಆದರೆ ಅಷ್ಟಕ್ಕೆಲ್ಲ ಕೂಗಿದರೆ ಏಪ್ರಿಲ್–ಮೇ ಪೂರ್ತಿ ಕೂಗುತ್ತಲೇ ಇರಬೇಕಾಗುತ್ತದೆ, ನಾಲ್ಕನೇ ದಿನ ಯಾರೂ ಕಿವಿಗೊಡುವುದಿಲ್ಲ. ಇಬ್ಬರಿಗೂ ಒಂದೇ ಬಣ್ಣ ಹಚ್ಚುವುದರಲ್ಲೇ ತೊಡಕಿದೆ ಎಂಬುದು ನನ್ನ ವಾದ.

ಬಿಸಿಗಾಳಿಯದ್ದು ಇನ್ನೊಂದು ತರಹ. ಬಯಲುಸೀಮೆಯಲ್ಲಿ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ದಾಟಬೇಕು. ಕರಾವಳಿಗೆ 37 ಸಾಕು. ಮೇ ತಿಂಗಳಲ್ಲಿ ನಮಗೆ 40 ಡಿಗ್ರಿ ವಾಡಿಕೆಯೇ ಆದ್ದರಿಂದ ನೆತ್ತಿ ಸುಡುವ ದಿನವೂ ಕಾಗದದ ಮೇಲೆ ಬಿಸಿಗಾಳಿ ಆಗುವುದಿಲ್ಲ.

ಕೃಷ್ಣೆಯ ಪ್ರವಾಹವೇ ವಾಸಿ! ನಾರಾಯಣಪುರದ ಬಸವಸಾಗರದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದು ಗೊತ್ತಿರುತ್ತದೆ, ನೀರು ಇಳಿದು ಬರಲು ಹೊತ್ತು ಬೇಕು. ಡಂಗುರ ಸಾರಲು ಸಮಯ ಸಿಗುತ್ತದೆ. ನದಿ ನಡುವಿನ ನೀಲಕಂಠರಾಯನಗಡ್ಡಿಯವರಿಗೆ ಹಸಿರು–ಹಳದಿಗಿಂತ ಈ ಕ್ಯುಸೆಕ್ ಲೆಕ್ಕವೇ ಚೆನ್ನಾಗಿ ಅರ್ಥವಾಗುತ್ತದೆ.

ಸಿಡಿಲಿಗೆ ಅಷ್ಟು ಹೊತ್ತಿಲ್ಲ. ಪುಣೆಯ ಸಂಸ್ಥೆಯ 'ದಾಮಿನಿ', ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳಿವೆ. ಆದರೆ ತೊಗರಿ ಹೊಲದಲ್ಲಿರುವವರ ಕೈಯಲ್ಲಿ ಸ್ಮಾರ್ಟ್‌ಫೋನ್ ಇರಬೇಕು, ಅದಕ್ಕೆ ನೆಟ್‌ವರ್ಕ್ ಸಿಗಬೇಕು. ರಾಜ್ಯದಲ್ಲಿ ಹೋಬಳಿ ಮಟ್ಟಕ್ಕೆ ಹವಾಮಾನ ಮಾಪಕ ಬಂದಿದೆ. ಎಚ್ಚರಿಕೆಯೂ ಹೋಬಳಿ ಮಟ್ಟಕ್ಕೆ ಇಳಿದು, ಪಂಚಾಯಿತಿ ಮೈಕಿನಲ್ಲಿ "ಗಿಡದ ಕೆಳಗ ನಿಂದರಬ್ಯಾಡ್ರಿ, ಮನಿಗೆ ಹೋಗ್ರಿ" ಎಂದು ನಮ್ಮ ಮಾತಿನಲ್ಲೇ ಕೇಳಿಸಬೇಕು.

ಅಲ್ಲಿಯವರೆಗೆ ಹೊಲದಲ್ಲಿರುವವರು ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಬೇಕು. ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಗಟ್ಟಿ ಸೂರಿನ ಮನೆ ಸೇರಬೇಕು, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬಾರದು.