‘ಯಾರು ಕಟ್ಟಿದರೋ ಗೊತ್ತಿಲ್ಲ’ ಅಂತ ಹೇಳಿಸಿದ್ದು ಯಾರು? ಗ್ರೇಟ್ ಜಿಂಬಾಬ್ವೆ ಮತ್ತು ನಿಗೂಢ ತಾಣಗಳ ರಾಜಕೀಯ

ಯೂಟ್ಯೂಬ್‌ನಲ್ಲಿ ‘ಜಗತ್ತಿನ ನಿಗೂಢ ತಾಣಗಳು’ ಅಂತ ಹುಡುಕಿ ನೋಡಿ. ಹೆಚ್ಚುಕಡಿಮೆ ಒಂದೇ ಪಟ್ಟಿ ಮತ್ತೆ ಮತ್ತೆ ಬರುತ್ತದೆ. ಈಸ್ಟರ್ ದ್ವೀಪದ ಕಲ್ಲಿನ ಮೂರ್ತಿಗಳು, ಅಮೆರಿಕದ ಡೆತ್ ವ್ಯಾಲಿಯಲ್ಲಿ ತಾವೇ ಓಡಾಡುವ ಬಂಡೆಗಳು, ಆಫ್ರಿಕಾದ ಗ್ರೇಟ್ ಜಿಂಬಾಬ್ವೆ. ಹಿನ್ನೆಲೆಯಲ್ಲಿ ಹೆದರಿಸುವ ಮ್ಯೂಸಿಕ್ಕು. ಕೊನೆಗೆ ‘ಇದರ ರಹಸ್ಯ ಇವತ್ತಿಗೂ ಯಾರಿಗೂ ಗೊತ್ತಿಲ್ಲ’ ಎಂಬ ಡೈಲಾಗು.

ಗೊತ್ತಿಲ್ಲ ಅನ್ನೋದು ಬಹುತೇಕ ಸುಳ್ಳು. ಡೆತ್ ವ್ಯಾಲಿಯ ಬಂಡೆಗಳನ್ನೇ ತೆಗೆದುಕೊಳ್ಳಿ. ಒಣಗಿದ ಕೆರೆಯಂಗಳದಲ್ಲಿ ಭಾರಿ ಕಲ್ಲುಗಳು ಉದ್ದುದ್ದ ಗೆರೆ ಎಳೆದುಕೊಂಡು ಸರಿದಿರುತ್ತವೆ, ಸರಿಯುವುದನ್ನು ಕಣ್ಣಾರೆ ಕಂಡವರಿರಲಿಲ್ಲ. ವಿಜ್ಞಾನಿಗಳು ಕಲ್ಲುಗಳಿಗೆ ಜಿಪಿಎಸ್ ಕಟ್ಟಿ ಕಾದರು. 2013ರ ಚಳಿಗಾಲದಲ್ಲಿ ಅವರ ಕಣ್ಣೆದುರೇ ಕಲ್ಲು ಚಲಿಸಿತು. ಮಳೆ ಬಂದು ನಿಂತ ನೀರು ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಬಿಸಿಲಿಗೆ ಆ ತೆಳು ಮಂಜುಗಡ್ಡೆ ಒಡೆದು ದೊಡ್ಡ ದೊಡ್ಡ ಹಾಳೆಗಳಾಗಿ ತೇಲುತ್ತದೆ. ಮೆಲ್ಲಗೆ ಬೀಸುವ ಗಾಳಿ ಆ ಹಾಳೆಗಳನ್ನು ತಳ್ಳಿದರೆ, ಹಾಳೆಗಳು ಕಲ್ಲನ್ನು ತಳ್ಳುತ್ತವೆ. 2014ರಲ್ಲಿ ಸಂಶೋಧನಾ ಪ್ರಬಂಧ ಬಂತು, ಕಥೆ ಮುಗಿಯಿತು. ಯಾರ ಮನಸ್ಸಿಗೂ ನೋವಾಗಲಿಲ್ಲ.

ಯಾಕೆಂದರೆ ಅಲ್ಲಿದ್ದದ್ದು ‘ಹೇಗೆ’ ಎಂಬ ಪ್ರಶ್ನೆ. ‘ಯಾರು’ ಎಂಬ ಪ್ರಶ್ನೆ ಬಂದಾಗ ಉತ್ತರ ಸಿಕ್ಕರೂ ಕಥೆ ಮುಗಿಯುವುದಿಲ್ಲ. ಇದಕ್ಕೆ ಗ್ರೇಟ್ ಜಿಂಬಾಬ್ವೆಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಅಲ್ಲಿ ಇರುವುದೇನು?

ಜಿಂಬಾಬ್ವೆ ದೇಶದ ಮಸ್ವಿಂಗೊ ಪಟ್ಟಣದಿಂದ ಸುಮಾರು 30 ಕಿ.ಮೀ. ದೂರದಲ್ಲಿ, 700 ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಹರಡಿಕೊಂಡಿರುವ ಹಳೆಯ ನಗರ ಇದು. ಗುಡ್ಡದ ಮೇಲೆ ಒಂದು ಕಟ್ಟಡ ಸಮೂಹ, ಕೆಳಗೆ ‘ಗ್ರೇಟ್ ಎನ್‌ಕ್ಲೋಷರ್’ ಎಂಬ ದೊಡ್ಡ ಆವರಣ, ನಡುವಿನ ಕಣಿವೆಯಲ್ಲಿ ಮನೆಗಳ ಅವಶೇಷ. ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವೆಡೆ 11 ಮೀಟರ್. ಇಷ್ಟಕ್ಕೂ ಗಾರೆ ಬಳಸಿಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ.

ಅಲ್ಲಿನ ಗ್ರಾನೈಟ್ ಬಂಡೆಗಳು ಬಿಸಿಲು ಮತ್ತು ಚಳಿಗೆ ಪದರ ಪದರವಾಗಿ ಬಿಡುತ್ತವೆ. ಬಂಡೆಯ ಮೇಲೆ ಬೆಂಕಿ ಹಾಕಿ ನೀರು ಸುರಿದರೆ ಇನ್ನೂ ಬೇಗ. ಹಾಗೆ ಸಿಕ್ಕ ಚಪ್ಪಡಿಗಳನ್ನು ಇಟ್ಟಿಗೆಯಳತೆಗೆ ಒಡೆದು, ಗೋಡೆ ಮೇಲೇರಿದಂತೆ ತುಸು ಒಳಕ್ಕೆ ವಾಲಿಸಿ ಜೋಡಿಸಿದ್ದಾರೆ. ಕಟ್ಟಿದ್ದು ಹೆಚ್ಚುಕಡಿಮೆ 11ರಿಂದ 15ನೇ ಶತಮಾನದ ನಡುವೆ, ಕಟ್ಟಿದವರು ಇವತ್ತಿನ ಶೋನಾ ಜನರ ಪೂರ್ವಜರು. ಆ ಊರಿನ ಬದುಕು ನಿಂತಿದ್ದು ದನ, ಬೇಸಾಯ ಮತ್ತು ಚಿನ್ನದ ವ್ಯಾಪಾರದ ಮೇಲೆ. ಚಿನ್ನ ಪೂರ್ವ ಕರಾವಳಿಯ ಸೊಫಾಲಾ, ಕಿಲ್ವಾ ಬಂದರುಗಳಿಗೆ ಹೋಗುತ್ತಿತ್ತು. ವಾಪಸ್ ಬಂದದ್ದರಲ್ಲಿ ಚೀನಾದ ಪಿಂಗಾಣಿ, ಪರ್ಷಿಯಾದ ಪಾತ್ರೆ, ಭಾರತದ ಗಾಜಿನ ಮಣಿ ಎಲ್ಲವೂ ಇವೆ. 14ನೇ ಶತಮಾನದ ಕಿಲ್ವಾ ಸುಲ್ತಾನನ ಒಂದು ನಾಣ್ಯವೂ ಸಿಕ್ಕಿದೆ. ಅಂದರೆ ಇದು ಕಾಡಿನ ನಡುವೆ ಕಳೆದುಹೋದ ನಗರವೇನೂ ಅಲ್ಲ, ಹಿಂದೂ ಮಹಾಸಾಗರದ ಮಾರುಕಟ್ಟೆಯಲ್ಲಿ ವಹಿವಾಟು ನಡೆಸುತ್ತಿದ್ದ ಊರು. ಇದೇ ಬಗೆಯ ಕಲ್ಲುಗೋಡೆಯ ನೆಲೆಗಳು ಆ ಭಾಗದಲ್ಲಿ ಇನ್ನೂ ನೂರಾರಿವೆ. ‘ನಿಗೂಢ’ ಪಟ್ಟಿ ಮಾಡುವವರು ಇದನ್ನು ಮಾತ್ರ ಹೇಳುವುದಿಲ್ಲ!

ನಿಗೂಢತೆ ತಯಾರಾದ ಬಗೆ

1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಪ್ರವಾಸಿ ಇಲ್ಲಿಗೆ ಬಂದ. ಬಾಗಿಲ ಮೇಲಿನ ತೊಲೆಯಿಂದ ಒಂದು ಚೂರು ಮರ ಕಿತ್ತು ನೋಡಿದ, ತನ್ನ ಪೆನ್ಸಿಲಿನ ಮರದ ಹಾಗೇ ಕಾಣಿಸಿತು. ಹಾಗಾದರೆ ಇದು ದೇವದಾರು. ದೇವದಾರು ಅಂದರೆ ಲೆಬನಾನಿನಿಂದ ಬಂದದ್ದು. ಲೆಬನಾನ್ ಅಂದರೆ ಬೈಬಲಿನ ಸೊಲೊಮನ್ ರಾಜ, ಶೀಬಾ ರಾಣಿ! ಒಂದು ಪೆನ್ಸಿಲಿನಿಂದ ಶೀಬಾ ರಾಣಿಯವರೆಗೆ ಹೋದ ಈ ತರ್ಕವನ್ನು ಆಗ ಯುರೋಪು ಗಂಭೀರವಾಗಿ ತೆಗೆದುಕೊಂಡಿತು. ಆ ಮರ ಅಲ್ಲಿನದೇ.

ಮೌಖ್‌ನದು ಬರೀ ಭ್ರಮೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ 1890ರಲ್ಲಿ ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ ಆ ನೆಲಕ್ಕೆ ಕಾಲಿಟ್ಟಿತು. ಚಿನ್ನ ಬೇಕಿತ್ತು, ಜಮೀನು ಬೇಕಿತ್ತು, ಅದರ ಜೊತೆಗೆ ಒಂದು ಕಥೆಯೂ ಬೇಕಿತ್ತು. ಇದನ್ನು ಹಿಂದೆ ಹೊರಗಿನಿಂದ ಬಂದ ಜನ ಕಟ್ಟಿದ್ದರು, ಆಫ್ರಿಕನ್ನರು ಆಮೇಲೆ ಬಂದು ಹಾಳುಗೆಡವಿದರು ಎಂದಾದರೆ ಬಿಳಿಯರು ಆಕ್ರಮಣಕಾರರಲ್ಲ, ಹಳೆಯ ನಾಗರಿಕತೆಯ ವಾರಸುದಾರರು! 1891ರಲ್ಲಿ ಕಂಪನಿಯ ಬೆಂಬಲದಿಂದ ಅಗೆಯಲು ಬಂದ ಥಿಯೊಡೋರ್ ಬೆಂಟ್‌ಗೆ ಮಣ್ಣಿನಲ್ಲಿ ಸಿಕ್ಕಿದ್ದು ಅಲ್ಲಿನ ಜನ ಬಳಸುವಂಥವೇ ಮಡಕೆ, ಉಪಕರಣಗಳು. ಅವನ ಪುಸ್ತಕದಲ್ಲಿ ಬಂದ ತೀರ್ಮಾನ ಮಾತ್ರ ಅರೇಬಿಯಾ ಕಡೆಯ ಪ್ರಾಚೀನರದು.

ಬೆಂಟ್ ಬರೆದದ್ದು ತಪ್ಪು, ಅಷ್ಟೇ. ಮುಂದಿನವರು ಸಾಕ್ಷ್ಯವನ್ನೇ ಅಳಿಸಿದರು. 1895ರಲ್ಲಿ ಹಳೆಯ ಅವಶೇಷಗಳಲ್ಲಿ ಚಿನ್ನ ಹುಡುಕುವುದಕ್ಕೆಂದೇ ಒಂದು ಕಂಪನಿ ಹುಟ್ಟಿಕೊಂಡು ಲೈಸೆನ್ಸ್ ಪಡೆಯಿತು. 1902ರಲ್ಲಿ ಉಸ್ತುವಾರಿಗೆ ನೇಮಕವಾದ ರಿಚರ್ಡ್ ಹಾಲ್ ಎಂಬ ಪತ್ರಕರ್ತ, ಆಫ್ರಿಕನ್ನರ ವಾಸದ ‘ಕೊಳೆ’ ತೆಗೆಯುವ ನೆಪದಲ್ಲಿ ಶತಮಾನಗಳ ಮಣ್ಣಿನ ಪದರಗಳನ್ನು ಅಗೆದು ಹೊರಗೆ ಸುರಿದ. ಪುರಾತತ್ವದಲ್ಲಿ ಆ ಪದರಗಳೇ ದಾಖಲೆ. ಗೋಡೆ ಉಳಿಯಿತು, ಅದರ ದಾಖಲೆಪತ್ರ ಕಸದ ರಾಶಿಗೆ ಹೋಯಿತು.

ಆದರೂ ಸತ್ಯ ಹೊರಬರಲು ತಡವಾಗಲಿಲ್ಲ. 1905ರಲ್ಲೇ ಡೇವಿಡ್ ರ‍್ಯಾಂಡಲ್ ಮ್ಯಾಕೈವರ್ ಇದು ಮಧ್ಯಯುಗದ ಆಫ್ರಿಕನ್ನರ ಕೆಲಸ ಎಂದು ಹೇಳಿದರು. 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಂಪ್ಸನ್ ಮಹಿಳೆಯರದೇ ಒಂದು ತಂಡ ಕಟ್ಟಿಕೊಂಡು ಬಂದು, ಹಾಲ್ ಮುಟ್ಟದೆ ಬಿಟ್ಟಿದ್ದ ಜಾಗಗಳಲ್ಲಿ ಅಗೆದು, ಅದೇ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಪುರಾತತ್ವದ ಮಟ್ಟಿಗೆ ‘ಯಾರು’ ಎಂಬ ಪ್ರಶ್ನೆ ಅಲ್ಲಿಗೆ ಮುಗಿದಿತ್ತು.

ಮರುವರ್ಷ ಏನಾಯಿತು ಗೊತ್ತೇ? 1930ರ ಭೂ ಹಂಚಿಕೆ ಕಾಯ್ದೆ, ಸಣ್ಣ ಅಲ್ಪಸಂಖ್ಯಾತರಾಗಿದ್ದ ಬಿಳಿಯರಿಗೆ ದೇಶದ ಅರ್ಧದಷ್ಟು ಜಮೀನನ್ನು, ಅದರಲ್ಲೂ ಫಲವತ್ತಾದ ಭಾಗವನ್ನು, ಬರೆದುಕೊಟ್ಟಿತು. ಇಂಥ ಕಾನೂನಿನ ನಾಡಿನಲ್ಲಿ ‘ಈ ಕೋಟೆ ಕಟ್ಟಿದ್ದು ಇದೇ ಜನ’ ಅನ್ನೋದು ಬರೀ ಇತಿಹಾಸದ ಮಾತಾಗಿ ಉಳಿಯುವುದು ಸಾಧ್ಯವಿರಲಿಲ್ಲ. 1965ರಲ್ಲಿ ಇಯಾನ್ ಸ್ಮಿತ್‌ನ ಬಿಳಿಯರ ಸರ್ಕಾರ ಏಕಪಕ್ಷೀಯವಾಗಿ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲಂತೂ ಒತ್ತಡ ನೇರವಾಯಿತು. ಆಫ್ರಿಕನ್ ಮೂಲವನ್ನು ಖಚಿತವಾಗಿ ಹೇಳಬಾರದು, ಎಲ್ಲ ವಾದಗಳಿಗೂ ಸಮಾನ ಜಾಗ ಕೊಡಬೇಕು ಎಂಬ ಧೋರಣೆ ಬಂತು. ಸ್ಮಾರಕಗಳ ಹಿರಿಯ ಅಧಿಕಾರಿಯಾಗಿದ್ದ ಪುರಾತತ್ವಜ್ಞ ಪೀಟರ್ ಗಾರ್ಲೇಕ್ 1970ರಲ್ಲಿ ದೇಶ ಬಿಟ್ಟರು. ‘ಎರಡೂ ಕಡೆಯ ವಾದ’ ಎಂಬ ಟಿವಿ ಡಿಬೇಟ್ ನೋಡಿ ಬೆಳೆದ ನಮಗೆ ಈ ತಂತ್ರವನ್ನು ಬಿಡಿಸಿ ಹೇಳಬೇಕಿಲ್ಲ.

ಹಕ್ಕಿಗಳು ಮನೆಗೆ ಬಂದದ್ದು

1980ರಲ್ಲಿ ರೊಡೀಷಿಯಾ ಹೋಗಿ ಜಿಂಬಾಬ್ವೆ ಬಂತು. ಕಲ್ಲಿನ ಮನೆಗಳು ಎಂಬರ್ಥದ ಶೋನಾ ಮಾತಿನಿಂದ ಬಂದ ಹೆಸರದು. ಒಂದು ಪುರಾತನ ತಾಣದ ಹೆಸರನ್ನೇ ಇಟ್ಟುಕೊಂಡ ದೇಶಗಳು ಜಗತ್ತಿನಲ್ಲಿ ಎಷ್ಟಿವೆ ಹೇಳಿ. ಅಲ್ಲಿ ಸಿಕ್ಕ ಬಳಪದ ಕಲ್ಲಿನ ಹಕ್ಕಿ ಇವತ್ತು ಆ ದೇಶದ ಬಾವುಟದಲ್ಲಿದೆ. (ಬೇಲೂರು, ಹಳೇಬೀಡಿನ ಶಿಲ್ಪಿಗಳು ಉಳಿ ಹಿಡಿದದ್ದೂ ಬಳಪದ ಕಲ್ಲಿಗೇ.) ಈ ಹಕ್ಕಿಗಳಲ್ಲಿ ಒಂದನ್ನು ರೋಡ್ಸ್ ಕೊಂಡುಕೊಂಡು ಕೇಪ್‌ಟೌನ್‌ನ ತನ್ನ ಮನೆಯಲ್ಲಿಟ್ಟುಕೊಂಡಿದ್ದ, ಇನ್ನು ಕೆಲವು ದಕ್ಷಿಣ ಆಫ್ರಿಕಾದ ಮ್ಯೂಸಿಯಂ ಸೇರಿದ್ದವು. 1981ರಲ್ಲಿ ಕೆಲವು ವಾಪಸ್ ಬಂದವು. ಸುಮ್ಮನೆ ಅಲ್ಲ, ಜೇನುಹುಳ, ಕಣಜಗಳಂಥ ಕೀಟಗಳ ಒಂದು ಸಂಗ್ರಹಕ್ಕೆ ಬದಲಾಗಿ! ಇನ್ನೊಂದು ಹಕ್ಕಿಯ ತುಂಡು ಜರ್ಮನಿಯಿಂದ ಬಂದದ್ದು 2003ರಲ್ಲಿ.

ಸ್ವತಂತ್ರ ಸರ್ಕಾರದ ದಾಖಲೆಯೂ ಪೂರ್ತಿ ಶುದ್ಧವೇನಲ್ಲ. 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ತಾಣಕ್ಕೆ ಬೇಲಿ ಇದೆ, ಟಿಕೆಟ್ ಇದೆ. ಅದನ್ನು ಪೂರ್ವಜರ ಪವಿತ್ರ ಜಾಗ ಎಂದು ನಂಬುವ ಸುತ್ತಲಿನ ಕುಲಗಳು ಅಲ್ಲಿ ತಮ್ಮ ಆಚರಣೆ ನಡೆಸಲು ಅಧಿಕಾರಿಗಳ ಜೊತೆ ಜಗ್ಗಾಡುತ್ತಲೇ ಬಂದಿವೆ. ಒಂದು ಕಾಲಕ್ಕೆ ಕಟ್ಟಿದ್ದೇ ಅವರಲ್ಲ ಎನ್ನಲಾಯಿತು, ಆಮೇಲೆ ಅದು ಇಡೀ ರಾಷ್ಟ್ರದ್ದು ಎನ್ನಲಾಯಿತು. ಎರಡೂ ಸಲ ಬೇಲಿಯ ಆಚೆ ನಿಂತವರು ಅವರೇ.

ಈಸ್ಟರ್ ದ್ವೀಪದಲ್ಲೂ ಇದೇ ಕಥೆ

ಶಾಂತ ಸಾಗರದ ರಾಪಾ ನೂಯಿ, ಅಂದರೆ ಈಸ್ಟರ್ ದ್ವೀಪದಲ್ಲಿ ಸಾವಿರದ ಹತ್ತಿರ ಮೂರ್ತಿಗಳಿವೆ. ಇವು ನಡೆದುಕೊಂಡು ಬಂದವು ಅಂತ ಅಲ್ಲಿನ ಜನ ಹೇಳುತ್ತಲೇ ಇದ್ದರು. ಹೊರಗಿನವರು ನಕ್ಕರು, ಕೆಲವರು ಅನ್ಯಗ್ರಹದವರನ್ನು ಕರೆತಂದರು. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 18 ಜನ ಮೂರು ಹಗ್ಗ ಕಟ್ಟಿ, ನಾಲ್ಕು ಟನ್ನಿಗೂ ಹೆಚ್ಚು ತೂಕದ ಪ್ರತಿಕೃತಿಯನ್ನು ನಿಲ್ಲಿಸಿಯೇ ಅತ್ತಿತ್ತ ವಾಲಿಸುತ್ತಾ ನಡೆಸಿ ತೋರಿಸಿದರು.

ಇನ್ನೊಂದು ಜನಪ್ರಿಯ ಕಥೆ, ದ್ವೀಪದ ಜನ ಮರಗಳನ್ನೆಲ್ಲ ಕಡಿದು, ಹೊಡೆದಾಡಿ, ತಮ್ಮನ್ನು ತಾವೇ ನಾಶ ಮಾಡಿಕೊಂಡರು ಎಂಬುದು. ಮರಗಳು ಹೋದದ್ದು ನಿಜ. ಆದರೆ 2024ರಲ್ಲಿ 15 ಜನರ ಹಳೆಯ ಅವಶೇಷಗಳ ಡಿಎನ್‌ಎ ಅಧ್ಯಯನದಲ್ಲಿ 1600ರ ದಶಕಗಳಲ್ಲಿ ಅಂಥ ಜನಸಂಖ್ಯಾ ಕುಸಿತದ ಗುರುತು ಸಿಗಲಿಲ್ಲ. ನಿಜವಾದ ಕುಸಿತಕ್ಕೆ ತಾರೀಖಿದೆ. 1862ರಿಂದ ಪೆರುವಿನ ಗುಲಾಮ ವ್ಯಾಪಾರಿಗಳು ಸುಮಾರು 1,500 ಜನರನ್ನು ಹೊತ್ತೊಯ್ದರು. ಬದುಕಿ ಮರಳಿದ ಕೆಲವರ ಜೊತೆ ಸಿಡುಬು ಬಂತು. 1877ಕ್ಕೆ ಉಳಿದವರು 111. ಇದನ್ನು ನಿಗೂಢ ಅಂತ ಕರೆದರೆ ಯಾರಿಗೆ ಅನುಕೂಲ?

ಹೊರಗಿನವರಷ್ಟೇ ಅಲ್ಲ, ನಮ್ಮಲ್ಲೂ ಹಳೆಯ ಕಲ್ಲುಗಳಿಗೆ ಕಥೆ ಕಟ್ಟುತ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಶಿಲಾ ಸಮಾಧಿಗಳನ್ನು ಮೋರ್ಯರ ಮನೆ ಎನ್ನುತ್ತಾರೆ, ಬೇರೆಡೆ ಪಾಂಡವರ ಹೆಸರು. ಆದರೆ ಆ ಕಥೆಗಳನ್ನು ಹಿಡಿದು ಯಾರೂ ಊರಿನವರ ಜಮೀನು ಕಿತ್ತುಕೊಳ್ಳಲಿಲ್ಲ. ಜನಪದ ಕಥೆಗೂ ಸರ್ಕಾರ ಸಾಕಿದ ಸುಳ್ಳಿಗೂ ಇರುವ ಅಂತರ ಅದು.

ಹೋಗುವವರಿಗೆ

ರಾಜಧಾನಿ ಹರಾರೆಯಿಂದ ಮಸ್ವಿಂಗೊಗೆ ರಸ್ತೆಯಲ್ಲಿ ಸುಮಾರು 300 ಕಿ.ಮೀ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಮಳೆ ಇಲ್ಲ, ಸೆಕೆಯೂ ಕಡಿಮೆ. ಬೆಳಗ್ಗೆ ಮೊದಲು ಗುಡ್ಡ ಹತ್ತಿ, ಮೇಲಿನಿಂದ ಇಡೀ ನಗರದ ನಕ್ಷೆ ಕಾಣುತ್ತದೆ. ಆಮೇಲೆ ಇಳಿದು ಆವರಣದೊಳಗೆ ಹೋಗಿ. ಎರಡು ಗೋಡೆಗಳ ನಡುವಿನ ಇಕ್ಕಟ್ಟಾದ ದಾರಿ ನಿಮ್ಮನ್ನು ಹತ್ತು ಮೀಟರಿನಷ್ಟು ಎತ್ತರದ ಶಂಕುವಿನಾಕಾರದ ಗೋಪುರದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಒಳಗೆ ಕೋಣೆಯಿಲ್ಲ, ಪೂರ್ತಿ ಕಲ್ಲು. ಕಣಜದ ಸಂಕೇತವೋ, ಅಧಿಕಾರದ ಗುರುತೋ ಎಂದು ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ. ಹಕ್ಕಿಗಳು ಪಕ್ಕದ ಮ್ಯೂಸಿಯಂನಲ್ಲಿವೆ. ಗೈಡ್ ಬೇಕಿದ್ದರೆ ಸುತ್ತಲಿನ ಹಳ್ಳಿಯವರನ್ನೇ ಕೇಳಿಕೊಳ್ಳಿ.